ಎರಡು ಬಾಯಿಯ ಗಡಿಗೆ

ಹತ್ತಿರ ಬನ್ನಿ ಮಕ್ಕಳೇ, ಕೂತ್ಕೊಳ್ಳಿ. ಒಂದು ರಾಜ್ಯದಲ್ಲಿ ಏಳು ಊರುಗಳು ಸೇರಿ ಒಂದು ಕೂಟ ಕಟ್ಟಿಕೊಂಡಿದ್ದವು. ಏಳೂರಿಗೂ ಒಂದೇ ಕೆರೆ. ಬೆಟ್ಟದಿಂದ ಕೆರೆಗೆ ನೀರು ತರುವ ಕಾಲುವೆಯ ಹೂಳು ತೆಗೆಯೋದು ಆರು ಊರಿನವರ ಕೆಲಸ. ಕೆರೆ ಏರಿ ಕಾಯೋದು ಏಳನೆಯ ಊರು ಹೊಂಗೆಕಟ್ಟೆಯ ಕೆಲಸ. ನೀರು ಎಲ್ಲರಿಗೂ ಸರದಿಯಂತೆ.

ಹೊಂಗೆಕಟ್ಟೆಯಲ್ಲಿ ನೂರು ಮನೆ, ಎರಡು ಪಕ್ಷ. ಕೆಂಪು ರುಮಾಲಿನವರು, ಬಿಳಿ ರುಮಾಲಿನವರು. ಕುಂಬಾರಗಿತ್ತಿ ಈರಮ್ಮನ ಮನೆಯವರು ತಾತನ ಕಾಲದಿಂದ ಕೆಂಪು.

ಪಟೇಲ ನಂಜೇಗೌಡನಿಗೆ ಯಾವ ರುಮಾಲೂ ಬೇಕಿರಲಿಲ್ಲ. ಅವನ ಕಣ್ಣೆಲ್ಲ ಕೆರೆಯಿಂದ ನೀರು ಬಿಡುವ ತೂಬಿನ ಮೇಲೆ. ಊರು ಕೂಟ ಬಿಟ್ಟರೆ ತೂಬು ಅವನ ಕೈಗೆ ಬರುತ್ತಿತ್ತು. "ಕೆರೆ ನಮ್ಮೂರಲ್ಲಿ, ನೀರು ಅವರಿಗ್ಯಾಕೆ? ಕೂಟ ಬಿಡೋಣ" ಅಂತ ಸಾರಿದ. ನಲವತ್ತು ಮನೆಯವರು ಹೂಂ ಅಂದರು. ಉಳಿದ ಅರವತ್ತು ಮನೆಯವರು ಬೇಡವೇ ಬೇಡ ಅಂದರು. ಆರು ಊರಿನವರು ಮುನಿದು ಕಾಲುವೆಗೆ ಅಡ್ಡ ಕಟ್ಟಿಬಿಟ್ಟರೆ ಕೆರೆಗೆ ನೀರೆಲ್ಲಿಂದ?

ರಾಜನ ಕಟ್ಟಳೆ ಹೀಗಿತ್ತು. ಕೂಟ ಬಿಡಬೇಕಾದರೆ ಮೂರು ಸೋಮವಾರ ಊರನ್ನು ಕೇಳಬೇಕು, ಮೂರು ಸಲವೂ ಬಿಡೋಣ ಅನ್ನೋ ಉತ್ತರವೇ ಬರಬೇಕು. ಮನೆಗೊಂದು ಹುಣಸೆಬೀಜ, ಅದನ್ನು ತಮಗೆ ಬೇಕಾದ ಮಾತಿನ ಗಡಿಗೆಗೆ ಹಾಕಬೇಕು. ಯಾವ ಗಡಿಗೆಯಲ್ಲಿ ಬೀಜ ಹೆಚ್ಚೋ ಆ ಮಾತೇ ಗೆದ್ದಂತೆ.

ಪಟೇಲ ಕೆಂಪಿನ ಯಜಮಾನ ಕರಿಯಣ್ಣನನ್ನೂ ಬಿಳಿಯ ಯಜಮಾನ ಮುದ್ದಪ್ಪನನ್ನೂ ಕರೆಸಿದ. "ಕೂಟದಲ್ಲೇ ಉಳಿಯೋಣ ಅನ್ನೋರು ನೀವಿಬ್ಬರೂ. ಆದ್ರೆ ಒಂದೇ ಗಡಿಗೆಗೆ ಬೀಜ ಹಾಕಿದ್ರೆ ನಿಮ್ಮ ಮಾನ ಏನಾಗ್ಬೇಕು? ಕೆಂಪಿಗೊಂದು, ಬಿಳಿಗೊಂದು ಇಡೋಣ."

ಇಬ್ಬರೂ ಮೀಸೆ ತಿರುವಿ ಒಪ್ಪಿದರು. ಮೂರು ಗಡಿಗೆಯನ್ನೂ ಈರಮ್ಮನೇ ಮಾಡಿಕೊಟ್ಟಳು.

ಮೊದಲ ಸೋಮವಾರ ರಾಜನ ಅಮಲ್ದಾರ ಬಂದು ಎಣಿಸಿದ. ಪಟೇಲನಿಗೆ ನಲವತ್ತು, ಕೆಂಪಿಗೆ ಮೂವತ್ತೊಂದು, ಬಿಳಿಗೆ ಇಪ್ಪತ್ತೊಂಬತ್ತು. "ಬಿಳಿಯವರಿಗಿಂತ ನಾವು ಎರಡು ಹೆಚ್ಚು!" ಅಂತ ಈರಮ್ಮ ಕುಣಿದಳು. ಮನೆ ದಾರಿಯಲ್ಲಿ ಅರ್ಧಕ್ಕೆ ನಿಂತಳು. ಗೆದ್ದವನು ಪಟೇಲ!

ಕರಿಯಣ್ಣನ ಬಳಿ ಓಡಿದಳು. "ಮಾವ, ಈ ಸಲ ಬಿಳಿಯವರ ಗಡಿಗೆಗೇ ಹಾಕೋಣ."

"ಸತ್ರೂ ಇಲ್ಲ ಕಣಮ್ಮ!"

ಮುದ್ದಪ್ಪನ ಬಳಿ ಓಡಿದಳು. "ಅಣ್ಣಾ, ನೀವಾದ್ರೂ ಕೆಂಪಿಗೆ ಹಾಕಿ."

"ಅವರೇ ನಮ್ಮ ಗಡಿಗೆಗೆ ಬರಲಿ."

ಎರಡನೆಯ ಸೋಮವಾರ ಈರಮ್ಮ ಒಬ್ಬಳೇ ತನ್ನ ಬೀಜವನ್ನು ಬಿಳಿ ಗಡಿಗೆಗೆ ಹಾಕಿದಳು. ನಲವತ್ತು, ಮೂವತ್ತು, ಮೂವತ್ತು. ಮತ್ತೆ ಪಟೇಲನೇ ಗೆದ್ದ.

ಈರಮ್ಮ ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು ಗಡಿಗೆ ಮಾಡುವ ತಿಗರಿಯ ಮುಂದೆ ಕೂತಳು.

ಮೂರನೆಯ ಸೋಮವಾರ ಕಟ್ಟೆಯ ಮೇಲೆ ಎರಡೇ ಗಡಿಗೆ. ಒಂದು ಪಟೇಲನದು. ಇನ್ನೊಂದಕ್ಕೆ ಹೊಟ್ಟೆ ಒಂದು, ಬಾಯಿ ಎರಡು. ಒಂದು ಬಾಯಿಗೆ ಕೆಮ್ಮಣ್ಣು, ಇನ್ನೊಂದಕ್ಕೆ ಸುಣ್ಣ.

"ಮೂರನೇದೆಲ್ಲೇ?" ಪಟೇಲ ಗದರಿದ.

"ಬಾಯಿ ಎಣಿಸಿ ಬುದ್ಧಿ, ಮೂರೇ ಇವೆ" ಅಂದಳು ಈರಮ್ಮ.

ಅಮಲ್ದಾರ ನಕ್ಕ. "ಕೆಂಪಿನವರೇ, ಬಿಳಿಯವರೇ, ಇದು ಒಪ್ಪಿಗೆಯಾ?"

"ನಮ್ಮ ಬಾಯಿ ನಮಗಿದೆ, ಸಾಕು" ಅಂದ ಕರಿಯಣ್ಣ. ಮುದ್ದಪ್ಪನೂ ತಲೆಯಾಡಿಸಿದ. ಪಟೇಲ ಬೇಡ ಅನ್ನುವಂತಿರಲಿಲ್ಲ. ಬೇಡ ಅಂದರೆ ಯಾಕೆ ಅಂತ ಹೇಳಬೇಕಲ್ಲ!

ಬೀಜಗಳು ಟಣಟಣ ಬಿದ್ದವು. ಪಟೇಲನ ಗಡಿಗೆಯಲ್ಲಿ ನಲವತ್ತು. ಎರಡು ಬಾಯಿಯದರಲ್ಲಿ ಅರವತ್ತು.

"ಅದರಲ್ಲಿ ಕೆಂಪೆಷ್ಟು, ಬಿಳಿಯೆಷ್ಟು? ಬೇರೆ ಮಾಡಿ ಸ್ವಾಮಿ!" ಪಟೇಲ ಕೂಗಿದ.

"ಹುಣಸೆಬೀಜ ರುಮಾಲು ಸುತ್ತಿಕೊಂಡಿರುತ್ತೇನ್ರೀ ಪಟೇಲರೇ?" ಅಂದ ಅಮಲ್ದಾರ. ಊರೆಲ್ಲ ಹೋ ಅಂತ ನಕ್ಕಿತು. ಹೊಂಗೆಕಟ್ಟೆ ಕೂಟದಲ್ಲೇ ಉಳಿಯಿತು.

ಯಾರ ಬಾಯಿಗೆ ಹೆಚ್ಚು ಬೀಜ ಬಿತ್ತು ಅಂತ ಕೆಂಪಿನವರೂ ಬಿಳಿಯವರೂ ಇವತ್ತಿಗೂ ಜಗಳ ಆಡುತ್ತಾರಂತೆ. ಆಡಲಿ ಬಿಡಿ. ಅಮಲ್ದಾರ ಮಾತ್ರ ಪಟೇಲನ ಆಟ ಅರಿತು ಅವನನ್ನು ಆ ವರ್ಷ ಆರು ಊರಿನವರ ಜೊತೆ ಹೂಳು ಹೊರಲು ಕಳಿಸಿದ.

ತಿಳೀತೇನ್ರೋ ಮಕ್ಕಳೇ? ನಮ್ಮ ಪಕ್ಷ ಅನ್ನೋ ಅಭಿಮಾನ ತಪ್ಪಲ್ಲ. ಆದರೆ ಒಂದೇ ಮಾತಿನವರು ಹಟಕ್ಕೆ ಬಿದ್ದು ಎರಡಾಗಿ ಒಡೆದರೆ, ಹೆಚ್ಚು ಜನ ಸೋತು ಕಡಿಮೆ ಜನ ಗೆಲ್ಲುತ್ತಾರೆ. ಊರಿನ ಪ್ರಶ್ನೆ ಬಂದಾಗ ರುಮಾಲು ತಲೆ ಮೇಲಿರಲಿ, ತಲೆಯೊಳಗೆ ಬೇಡ.