ನಡುನೀರಿನ ಮೀನು

"ಗುರುಗಳೇ, ಸತ್ತವರಿಗಾಗಿ ಅತ್ತುಬಿಡಬಹುದು. ಬದುಕಿದ್ದೂ ಅಲುಗಾಡದವರಿಗೆ ಏನು ಮಾಡುವುದು?"

ಕೇಳಿದವಳು ನೀಲಾಂಬೆ. ಕೇಳಿದ್ದು ತನ್ನ ತಮ್ಮನ ಸಲುವಾಗಿ. ಹೆಂಡತಿ ತೀರಿಕೊಂಡ ಮೇಲೆ ಅವನು ಗೋಡೆಗೆ ಮುಖ ಮಾಡಿ ಮಲಗಿದ್ದ. ತುತ್ತು ಬಾಯಿಗಿಟ್ಟರೆ ತಿನ್ನುತ್ತಿದ್ದ, ಇಡದಿದ್ದರೆ ಕೇಳುತ್ತಿರಲಿಲ್ಲ. ಅಳಲಿಲ್ಲ, ಯಾರನ್ನೂ ಬೈಯಲಿಲ್ಲ. ನೀಲಾಂಬೆ ಬುದ್ಧಿ ಹೇಳಿದಳು, ಗದರಿದಳು, ಪ್ರಸಾದ ತಂದಳು, ತಾಯಿತ ಕಟ್ಟಿಸಿದಳು. ಕೊನೆಗೆ ಎದುರು ಮನೆಯ ನಿವೃತ್ತ ಮೇಷ್ಟರನ್ನೂ ಕರೆತಂದು ಕೂರಿಸಿದಳು. ಮೇಷ್ಟರು ಧೈರ್ಯದ ವಿಷಯವಾಗಿ ಮಾತಾಡಿ, ಕಾಫಿ ಕುಡಿದು, ತಾವೇ ಸಮಾಧಾನಗೊಂಡು ಎದ್ದು ಹೋದರು. ತಮ್ಮ ಮಾತ್ರ ಇದ್ದ ಹಾಗೇ ಇದ್ದ.

"ದಿನಕ್ಕೊಂದಿಷ್ಟು ಕೆಳಗೆ ಇಳಿಯುತ್ತಿದ್ದಾನೆ ಅನ್ನಿಸುತ್ತದೆ. ನನಗೆ ಕೈಕಾಲು ಆಡುತ್ತಿಲ್ಲ. ನನ್ನ ಮಾತಿನಲ್ಲಿ ತಪ್ಪಿದೆಯೋ, ಅವನೇ ಕೈಮೀರಿ ಹೋದನೋ, ಅದನ್ನಾದರೂ ಹೇಳಿ."

ಗುರುಗಳು ಒಂದು ಕತೆ ಹೇಳಿದರು.

ಬೆಟ್ಟಗಳ ನಡುವೆ ಬಹಳ ಆಳದ ಒಂದು ಕೆರೆ. ಅದರ ದಡದಲ್ಲಿ ಬೆಸ್ತರ ಒಂದು ಹಟ್ಟಿ. ಅಲ್ಲಿಯವರಿಗೆ ಗಾಳ ಹಾಕುವ ಎರಡೇ ಕ್ರಮ ಗೊತ್ತು. ಒಂದು, ಬೆಂಡು ಕಟ್ಟಿ ಮೇಲೆ ತೇಲಿಸುವುದು. ಇನ್ನೊಂದು, ಸೀಸದ ಗುಂಡು ಕಟ್ಟಿ ನೆಲ ಮುಟ್ಟುವ ತನಕ ಇಳಿಬಿಡುವುದು. ಗುಂಡು ನೆಲಕ್ಕೆ ತಾಗಿದ್ದು ಬೆರಳಿಗೆ ಗೊತ್ತಾಗಬೇಕು. ಗೊತ್ತಾಗದವನನ್ನು ಅಲ್ಲಿ ಬೆಸ್ತನೆಂದು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ.

ಬೇಸಿಗೆ ಬಲಿತಾಗ ಈ ಎರಡೂ ಕ್ರಮ ಕೆಲಸ ಮಾಡುತ್ತಿರಲಿಲ್ಲ. ಮೇಲಿನ ನೀರು ಕಾಯುತ್ತದೆ. ತಳದ ನೀರು ಕೊಳೆತು ಉಸಿರು ಕಟ್ಟಿಸುತ್ತದೆ. ಆಗ ಮೀನು ಎರಡನ್ನೂ ಬಿಟ್ಟು ನಡುನೀರಿನಲ್ಲಿ ನಿಂತುಬಿಡುತ್ತದೆ, ಕಾಣದ ಅಟ್ಟದ ಮೇಲೆ ಯಾರೋ ಎತ್ತಿಟ್ಟ ಹಾಗೆ. ಈಜುವುದಿಲ್ಲ, ಬೇಟೆಯಾಡುವುದಿಲ್ಲ. ಬಾಯಿಯ ಮುಂದೆ ಬಂದು ನಿಂತದ್ದನ್ನು ತಿಂದರೆ ತಿಂದೀತು. ಒಂದು ಗೇಣು ಆಚೆ ಹೋದದ್ದನ್ನು ಅಟ್ಟಿಕೊಂಡು ಹೋಗುವುದಿಲ್ಲ.

ಇದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಬೇಸಿಗೆಯಲ್ಲಿ ಮೀನು ಬೀಳುವುದಿಲ್ಲ ಎಂದಷ್ಟೇ ಗೊತ್ತು. ಆ ತಿಂಗಳುಗಳಲ್ಲಿ ಎಲ್ಲರೂ ಹರಿಗೋಲುಗಳನ್ನು ದಡಕ್ಕೆ ತಂದು, ಬೋರಲು ಹಾಕಿ, ತಳಕ್ಕೆ ಡಾಂಬರು ಬಳಿಯುತ್ತಿದ್ದರು.

ಅಂಥ ಒಂದು ಬೇಸಿಗೆಯಲ್ಲಿ ಒಬ್ಬ ಬೆಸ್ತನ ಹೆಂಡತಿ ಹೆತ್ತಳು. ಎದೆಯಲ್ಲಿ ಹಾಲು ಇಳಿಯಲಿಲ್ಲ. ಮೇಕೆ ಹಾಲು ಕೊಟ್ಟರೆ ಕೂಸು ಕಕ್ಕಿತು. ಬಾಣಂತಿಗೆ ಆ ಕೆರೆಯ ಮೀನಿನ ತಿಳಿಸಾರು ಕುಡಿಸುವುದು ಹಟ್ಟಿಯ ಪದ್ಧತಿ. ಅದು ಹೊಟ್ಟೆಗೆ ಬೀಳದೆ ಹಾಲು ಇಳಿಯುವುದಿಲ್ಲ ಎಂದು ಬಾಣಂತಿಯೂ ನಂಬಿದ್ದಳು, ಅವಳ ತಾಯಿಯೂ ನಂಬಿದ್ದಳು. ಕೂಸಿನ ಅಳು ದಿನದಿಂದ ದಿನಕ್ಕೆ ಸಣ್ಣದಾಯಿತು.

ಬೆಸ್ತ ಡಾಂಬರು ಹಚ್ಚದ ಹರಿಗೋಲನ್ನೇ ನೀರಿಗೆ ತಳ್ಳಿದ.

ದಡದಲ್ಲಿ ಡಾಂಬರು ಬಳಿಯುತ್ತಿದ್ದವನೊಬ್ಬ ಕೂಗಿದ. "ಏನಣ್ಣಾ, ನೀರು ಕಾದಿದೆಯೋ ಇಲ್ಲವೋ ನೋಡ್ಕೊಂಡು ಬರೋಕೆ ಹೊರಟೆಯಾ? ಮೀನಿಗೂ ಬೇಸಿಗೆ ರಜ ಕಣೋ!"

"ನನ್ನ ಕೂಸಿಗೆ ರಜ ಇಲ್ಲವಲ್ಲಪ್ಪ," ಎಂದ ಬೆಸ್ತ. ಡಾಂಬರಿನವನು ತಲೆ ತಗ್ಗಿಸಿ ಕುಂಚ ಆಡಿಸಿದ.

ಕೆರೆಯ ನಡುವೆ ಹೋಗಿ ಬೆಸ್ತ ಗಾಳಕ್ಕೆ ಎರೆಹುಳ ಚುಚ್ಚಿ ಇಳಿಬಿಟ್ಟ. ಗುಂಡು ಸರಸರ ಇಳಿದು ನೆಲ ಮುಟ್ಟಿತು. ಅಲ್ಲಿ ಏನೂ ಇಲ್ಲ. ಎಳೆದ. ಹುಳ ಹೋದ ಹಾಗೇ ಬಂತು. ಮತ್ತೆ ಬಿಟ್ಟ, ಮತ್ತೆ ಎಳೆದ. ಪ್ರತಿ ಸಲವೂ ಆ ಹುಳ ಇಳಿಯುವಾಗ ಒಮ್ಮೆ, ಏರುವಾಗ ಒಮ್ಮೆ ಮೀನಿನ ಮೂತಿಯ ಮುಂದೆಯೇ ಹಾದು ಹೋಗುತ್ತಿತ್ತು. ಮೀನು ಎಚ್ಚೆತ್ತು ಬಾಯಿ ತೆರೆಯುವಷ್ಟರಲ್ಲಿ ಅದು ಅಲ್ಲಿ ಇರುತ್ತಿರಲಿಲ್ಲ.

ಬೆಸ್ತನಿಗೆ ಕೈ ನಿಲ್ಲಿಸಲು ಆಗುತ್ತಿರಲಿಲ್ಲ. ನಿಲ್ಲಿಸಿದ ಕ್ಷಣ ಕಿವಿಯಲ್ಲಿ ಕೂಸು ಅಳುತ್ತಿತ್ತು. ದಡ ದೂರ, ಅಲ್ಲಿಂದ ಅಳು ಕೇಳಿಸುವ ಹಾಗೇ ಇರಲಿಲ್ಲ. ಆದರೂ ಕೇಳಿಸುತ್ತಿತ್ತು. ದಾರ ಬಿಡುತ್ತ ಎಳೆಯುತ್ತ ಇದ್ದರೆ ಮಾತ್ರ ಕೇಳಿಸುತ್ತಿರಲಿಲ್ಲ. ಆದ್ದರಿಂದ ಬಿಡುತ್ತಿದ್ದ, ಎಳೆಯುತ್ತಿದ್ದ. ಅಂಗೈ ಸೀಳಿತು. ಬಟ್ಟೆ ಸುತ್ತಿಕೊಂಡು ಇನ್ನಷ್ಟು ಜೋರಾಗಿ ಎಳೆದ. ಸಂಜೆ ಬರಿಗೈಯಲ್ಲಿ ಮನೆಗೆ ಬಂದರೆ ಅತ್ತೆ ಮಡಕೆಯ ಮುಚ್ಚಳ ತೆಗೆದು ಖಾಲಿ ಮಡಕೆಯನ್ನು ಅವನಿಗೆ ತೋರಿಸಿ ಮತ್ತೆ ಮುಚ್ಚುತ್ತಿದ್ದಳು. ಬೈದಿದ್ದರೆ ವಾಸಿಯಿತ್ತು.

ಹೀಗೆ ಕೆಲವು ದಿನ ಹೋದವು. ಒಂದು ಬೆಳಗ್ಗೆ ದಾರವನ್ನು ಅರ್ಧ ಎಳೆದಿದ್ದಾಗ ಬೆಸ್ತ ದಡದ ಕಡೆ ನೋಡಿದ. ಅತ್ತೆ ಬಂದು ನಿಂತಿದ್ದಳು. ಎರಡೂ ಕೈ ಎತ್ತಿ ಏನೋ ಕೂಗುತ್ತಿದ್ದಳು.

ಗಾಳಿ ದಡದ ಕಡೆಗೇ ಬೀಸುತ್ತಿತ್ತು. ಮಾತು ಒಂದೂ ತಲುಪಲಿಲ್ಲ.

ಅತ್ತೆ ಅಲ್ಲಿಯ ತನಕ ಒಂದು ದಿನವೂ ದಡಕ್ಕೆ ಬಂದವಳಲ್ಲ. ಬಾಣಂತಿಯನ್ನು ಬಿಟ್ಟು ಬಂದಿದ್ದಾಳೆಂದರೆ ಸುಮ್ಮನೆ ಬಂದಿರಲಾರಳು. ಹುಟ್ಟು ಹಾಕಿಕೊಂಡು ಹೋದರೆ ಏನೆಂದು ಗೊತ್ತಾಗುತ್ತದೆ. ಅವನು ಹುಟ್ಟು ಮುಟ್ಟಲಿಲ್ಲ. ಅವಳ ಮಾತು ಕೇಳಿಸದಿರುವಷ್ಟು ಹೊತ್ತು ಕೂಸು ಬದುಕಿದೆ.

ದಾರ ಬಿಡಲೂ ಇಲ್ಲ, ಎಳೆಯಲೂ ಇಲ್ಲ. ಹಾಗೇ ಹಿಡಿದು ಕೂತ. ಕೂತ ತಕ್ಷಣ ಅಳು ಕೇಳಿಸಿತು. ಈ ಸಲ ತಪ್ಪಿಸಿಕೊಳ್ಳಲು ಕೈಯಲ್ಲಿ ಕೆಲಸವಿರಲಿಲ್ಲ. ಕೇಳಿಸಿಕೊಂಡ. ಕೇಳಿಸಿಕೊಳ್ಳುತ್ತಲೇ ಇದ್ದ. ಕಣ್ಣಲ್ಲಿ ನೀರು ಬಂದು, ಹರಿದು, ಒಣಗಿತು. ಕೈಯಲ್ಲಿ ದಾರ ಅಲುಗದೆ ನಿಂತಿತ್ತು.

ಆಗ ದಾರ ತುಸು ಭಾರವಾಯಿತು. ಜಗ್ಗಲಿಲ್ಲ, ನಡುಗಲಿಲ್ಲ. ಮಲಗಿದ್ದವರು ನಿದ್ದೆಯಲ್ಲಿ ಮಗ್ಗುಲು ಬದಲಿಸಿದಷ್ಟು, ಅಷ್ಟೇ. ತನ್ನ ಕೈಯೇ ಸೋತಿತೇನೋ ಎಂದುಕೊಂಡ ಬೆಸ್ತ. ಮೆಲ್ಲಗೆ ಎತ್ತಿದ. ಭಾರವೂ ಮೇಲೆ ಬಂತು. ತೋಳುದ್ದದ ಮೀನು, ಒದ್ದಾಡದೆ, ಇವನು ಬರುವುದನ್ನೇ ಕಾಯುತ್ತಿದ್ದ ಹಾಗೆ ಹರಿಗೋಲಿನೊಳಕ್ಕೆ ಬಂತು.

ದಾರದಲ್ಲಿ ಕೈ ನಿಂತಿದ್ದ ಜಾಗಕ್ಕೆ ಒಂದು ಗಂಟು ಹಾಕಿದ. ಆಮೇಲೆ ಹುಟ್ಟು ಎತ್ತಿಕೊಂಡ. ಮೀನು ಸಿಕ್ಕಿದ ಸಂತೋಷ ಅವನ ಹತ್ತಿರ ಸುಳಿಯಲಿಲ್ಲ. ದಡ ಹತ್ತಿರವಾದಷ್ಟೂ ನಿಧಾನವಾಗಿ ಹುಟ್ಟು ಹಾಕಿದ.

"ಕಿವುಡನೇನೋ ನೀನು?" ಎಂದು ಅತ್ತೆ ನೀರಿನೊಳಕ್ಕೇ ಇಳಿದು ಬಂದಳು. "ಎಷ್ಟು ಹೊತ್ತಿಂದ ಬಡ್ಕೋತಿದೀನಿ! ಮನೇಲಿದ್ದ ಒಂದೇ ಒಂದು ಬೆಂಕಿಪೊಟ್ಟಣ ಸೊಂಟಕ್ಕೆ ಸಿಕ್ಕಿಸ್ಕೊಂಡು ಬಂದಿದೀಯಲ್ಲ, ಒಲೆ ಯಾತರಲ್ಲಿ ಹಚ್ಚಲಿ? ಬಾಣಂತಿಗೆ ಬಿಸಿನೀರು ಬೇಡವಾ?"

ಬೆಸ್ತ ಸೊಂಟ ಮುಟ್ಟಿ ನೋಡಿಕೊಂಡ. "ಕೂಸು?" ಎಂದ.

"ಕೂಸಿಗೇನು? ಅಳ್ತಾ ಇದೆ, ಇನ್ನೇನು ಮಾಡೀತು," ಎಂದವಳು ಹರಿಗೋಲಿನೊಳಗೆ ನೋಡಿದಳು. ಬೆಂಕಿಪೊಟ್ಟಣವನ್ನೂ ಮೀನನ್ನೂ ಕಿತ್ತುಕೊಂಡು ಮನೆಯ ಕಡೆ ಓಡಿದಳು.

ಮರುದಿನದಿಂದ ಬೆಸ್ತ ದಾರವನ್ನು ಗಂಟಿನ ತನಕ ಬಿಟ್ಟು, ಹಿಡಿದು, ಸುಮ್ಮನೆ ಕೂತ. ಅಳು ಕೇಳಿಸಿತು. ಅವನು ಕೈ ಆಡಿಸಲಿಲ್ಲ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

"ಹಾಲು ಇಳಿಯಿತೇ?" ಎಂದಳು ನೀಲಾಂಬೆ. ಅವಳ ಉಸಿರು ಇನ್ನೂ ಆ ದಡದಲ್ಲೇ ಇತ್ತು.

"ಇಳಿಯಿತು. ತಡವಾಗಿ ಇಳಿಯಿತು. ಕೂಸು ಉಳಿಯಿತು."

ನೀಲಾಂಬೆ ಸೆರಗಿನಿಂದ ಕತ್ತು ಒರೆಸಿಕೊಂಡಳು. ಸ್ವಲ್ಪ ಹೊತ್ತಿಗೆ ಅವಳಿಗೆ ಸಿಟ್ಟೂ ಬಂತು. "ನಾನು ಎಸೆದು ಓಡುವವಳಲ್ಲ ಗುರುಗಳೇ. ಗಂಜಿ ಅವನ ತಲೆದೆಸೆಯಲ್ಲೇ ಇಡುತ್ತೇನೆ. ಮಾತನ್ನು ಅವನ ಕಿವಿಯ ಹತ್ತಿರವೇ ಹೇಳುತ್ತೇನೆ. ದಿನಕ್ಕೆ ಎಷ್ಟು ಸಲ ಆ ಕೋಣೆಗೆ ಹೋಗಿ ಬರುತ್ತೇನೆ ಅಂತ ನನಗೇ ಲೆಕ್ಕವಿಲ್ಲ. ಕೂರು ಅಂದರೆ ಹೇಗೆ ಕೂರಲಿ? ಒಲೆಯ ಮೇಲೆ ಒಂದು ಇರುತ್ತದೆ, ಬಾಗಿಲಲ್ಲಿ ಒಬ್ಬರು ಇರುತ್ತಾರೆ. ಕೂರುವುದಕ್ಕೆ ಎಲ್ಲಿ ಆಗುತ್ತದೆ?"

ಗುರುಗಳು ಅವಳ ಮುಖ ನೋಡಿ ಕೇಳಿದರು:

"ಕೂತರೆ ಏನು ಕೇಳಿಸೀತು ಅಂತ ಹೆದರಿಕೆ, ತಾಯಿ?"

ಆ ಸಂಜೆ ನೀಲಾಂಬೆ ತಮ್ಮನ ತಲೆದೆಸೆಯಲ್ಲಿ ಗಂಜಿ ಇಟ್ಟು, ಎದ್ದು ಹೋಗದೆ, ಅಲ್ಲೇ ನೆಲದ ಮೇಲೆ ಕೂತಳು.