ಪ್ರೆಸ್ ಕೊಂಡ ಲಾರಿ ಚಾಲಕ

"ಗುರುಗಳೇ, ಎಷ್ಟು ಬಿಗಿಯಾಗಿದ್ದರೆ ಹುಡುಗರು ದಾರಿಗೆ ಬರುತ್ತಾರೆ?" ಎಂದು ಚನ್ನವೀರ ಕೇಳಿದ.

ಆಶ್ರಮದ ಪಾಠಶಾಲೆಯ ಹೊಣೆ ಅವನಿಗೆ ಬಂದಿತ್ತು. ಅಲ್ಲಿಯ ಹುಡುಗರು ಮೊಂಡರೆಂದು ಎಲ್ಲರೂ ಹೇಳಿದ್ದರು. ಹಿಂದಿನ ಉಪಾಧ್ಯಾಯರು ಕೈಚೆಲ್ಲಿ ಹೋಗಿದ್ದರು. ತಾನು ಹಾಗೆ ಸೋಲಬಾರದೆಂಬ ಛಲ ಚನ್ನವೀರನದು.

ಗುರುಗಳು ಅವನನ್ನು ಕೂರಿಸಿಕೊಂಡು ಹೇಳತೊಡಗಿದರು.

ಒಬ್ಬ ಲಾರಿ ಚಾಲಕನಿದ್ದ. ಹರೆಯವನ್ನೆಲ್ಲ ಹೆದ್ದಾರಿಯಲ್ಲೇ ಕಳೆದವನು. ವಯಸ್ಸಾದ ಮೇಲೆ ಕೆಲಸ ಬಿಟ್ಟು ಮನೆ ಸೇರಿದ. ಮನೆಯ ಮಗ್ಗುಲಿಗೆ ತಗಡಿನ ಶೆಡ್ಡು ಹಾಕಿಸಿ, ಒಂದು ಹಳೆಯ ಜೀಪನ್ನು ತಂದು ನಿಲ್ಲಿಸಿದ. ಅಷ್ಟು ವರ್ಷ ಹೆಂಡತಿ ಅವನನ್ನು ಬಾಗಿಲಲ್ಲಿ ನಿಂತು ಕಳುಹಿಸಿದವಳೇ ಹೊರತು, ಪಕ್ಕದಲ್ಲಿ ಕುಳಿತು ಎಲ್ಲಿಗೂ ಹೋದವಳಲ್ಲ. ಜೀಪು ಓಡುವಂತಾದರೆ ಅವಳನ್ನು ಮುಂದೆ ಕೂರಿಸಿಕೊಂಡು, ತಾನು ಕಂಡ ಊರುಗಳನ್ನೆಲ್ಲ ತೋರಿಸಬೇಕೆಂದು ಅವನ ಆಸೆ.

ಎಂಜಿನ್ ಸುಲಭವಾಗಿ ಸರಿಹೋಯಿತು. ಹಿಂದಿನ ಚಕ್ರದ ಅಚ್ಚಾದ ಆಕ್ಸಲ್ಲಿಗೆ ಬೇರಿಂಗಿನ ಬಳೆ ಮಾತ್ರ ತುಕ್ಕು ಹಿಡಿದು ಕಚ್ಚಿಕೊಂಡಿತ್ತು; ಅದನ್ನು ಬಿಡಿಸಿ ಹೊಸದನ್ನು ಕೂರಿಸಬೇಕಿತ್ತು. ಅವನು ಸುತ್ತಿಗೆಯಿಂದ ಹೊಡೆದ. ಅದು ಅಲುಗಲಿಲ್ಲ. ಇನ್ನೂ ಜೋರಾಗಿ ಹೊಡೆದ. ಉಕ್ಕಿನ ಚೂರೊಂದು ಸಿಡಿದು, ಕುಡಿಯಲು ನೀರು ತಂದಿದ್ದ ಹೆಂಡತಿಯ ಹುಬ್ಬನ್ನು ಸೀಳಿಕೊಂಡು ಹೋಯಿತು. ಕೂದಲೆಳೆಯ ಅಂತರದಲ್ಲಿ ಕಣ್ಣು ಉಳಿಯಿತು. ಅವನು ಅವಳ ಗಾಯಕ್ಕೆ ಅರಿಶಿನ ಒತ್ತಿ ಹಿಡಿದ. ಆಮೇಲೆ ಆ ಸುತ್ತಿಗೆಯನ್ನು ಮುಟ್ಟಲಿಲ್ಲ.

ಹೈಡ್ರಾಲಿಕ್ ಪ್ರೆಸ್ ಕೊಳ್ಳಲು ಪೇಟೆಗೆ ಹೋದ. ಕಚ್ಚಿಕೊಂಡ ಕಬ್ಬಿಣವನ್ನು ಮೇಲಿನಿಂದ ಒತ್ತಿ ಬಿಡಿಸುವ ಯಂತ್ರ ಅದು. ಎರಡು ಕಂಬ, ನಡುವೆ ಸಾಮಾನು ಇಡಲು ಅಡ್ಡತೊಲೆ, ಮೇಲೆ ಒತ್ತುವ ಜ್ಯಾಕ್, ಅಷ್ಟೆ.

"ಮನೆಯ ಶೆಡ್ಡಿಗೆ ಬೇಕು. ಎಲ್ಲಕ್ಕಿಂತ ಹೆಚ್ಚು ಬಲದ್ದು ಯಾವುದೋ ಅದನ್ನೇ ಕೊಡಿ" ಎಂದ.

"ಇದರ ಜ್ಯಾಕ್ ದೊಡ್ಡದು, ಯಜಮಾನರೇ. ಚೌಕಟ್ಟು ಮಾತ್ರ ಸ್ವಲ್ಪ ತೆಳು" ಎಂದ ವ್ಯಾಪಾರಿ.

"ಒತ್ತುವುದು ಜ್ಯಾಕ್ ತಾನೆ?" ಎಂದು ಅವನು ಅದನ್ನೇ ಕೊಂಡುತಂದ.

ಈ ಸಲ ಹೆಂಡತಿಯನ್ನು ದೂರ ಬಾಗಿಲ ಬಳಿಯೇ ನಿಲ್ಲಿಸಿದ. ಆಕ್ಸಲ್ಲನ್ನು ಇಟ್ಟು ಜ್ಯಾಕಿನ ಹಿಡಿ ಒತ್ತತೊಡಗಿದ. ಹಿಡಿ ಬಿಗಿಯಾಗುತ್ತ ಬಂತು. ಇನ್ನೇನು ಬಿಟ್ಟುಕೊಂಡಿತು ಎಂದು ಹಿಗ್ಗಿ ಮತ್ತಷ್ಟು ಒತ್ತಿದ.

"ಸಾಕು, ನಿಲ್ಲಿಸ್ರೀ! ಬೇರಿಂಗ್ ಅಲ್ಲ, ನಿಮ್ಮ ಯಂತ್ರವೇ ಬಾಗ್ತಿದೆ!" ಎಂದು ಹೆಂಡತಿ ಕೂಗಿದಳು.

ಅವನು ಬಗ್ಗಿ ನೋಡಿದ. ಅಡ್ಡತೊಲೆ ಬಿಲ್ಲಿನಂತೆ ಬಾಗಿತ್ತು. ಆಕ್ಸಲ್ ಓರೆಯಾಗಿ, ಚಿಮ್ಮಲು ಕಾದಂತೆ ನಿಂತಿತ್ತು. ಒತ್ತಡವನ್ನು ಮೆಲ್ಲನೆ ಇಳಿಸಿದ. ಬೇರಿಂಗ್ ಇದ್ದಲ್ಲೇ ಇತ್ತು. ತೊಲೆ ಮತ್ತೆ ನೆಟ್ಟಗಾಗಲಿಲ್ಲ.

ಅವನು ನೆಲದ ಮೇಲೆ ಕುಳಿತು ಅದನ್ನೇ ನೋಡಿದ. ಕಬ್ಬಿಣದ ಮೇಲೆ ಎಷ್ಟು ಬಲ ಬೀಳುತ್ತದೋ ಅಷ್ಟೇ ಬಲವನ್ನು ಚೌಕಟ್ಟೂ ತಾಳಬೇಕು ಎಂಬುದು ಕಣ್ಣೆದುರೇ ಕಂಡಿತು. ಎಂಜಿನ್ ಎಷ್ಟೇ ಎಳೆಯಲಿ, ಹೊರೆ ಹೊರುವುದು ಕೆಳಗಿನ ಚೌಕಟ್ಟು, ಚಾಸಿ ಕಣ್ರಯ್ಯಾ ಎಂದು ಜೊತೆಯ ಚಾಲಕರಿಗೆ ಜೀವಮಾನವೆಲ್ಲ ಹೇಳಿದವನು ತಾನೇ. ಅವನಿಗೆ ತನ್ನ ಮೇಲೆಯೇ ನಗು ಬಂತು. ಅವನು ನಕ್ಕದ್ದನ್ನು ಕಂಡು ಹೆಂಡತಿಯ ಎದೆ ಹಗುರಾಯಿತು.

ಬಾಗಿದ್ದನ್ನು ಗುಜರಿಗೆ ಹಾಕಿ ಮತ್ತೆ ಅದೇ ಅಂಗಡಿಗೆ ಹೋದ. ಈ ಸಲ ಜ್ಯಾಕಿನ ಮೇಲೆ ಬರೆದ ಬಲದ ಅಂಕಿಯನ್ನು ನೋಡಲಿಲ್ಲ. ಕಂಬಗಳನ್ನು ಕೈಯಿಂದ ಬಳಸಿ ಹಿಡಿದು ನೋಡಿದ. ಬೆಸುಗೆಗಳ ಮೇಲೆ ಬೆರಳಾಡಿಸಿದ. ಒಂದು ಉಕ್ಕಿನ ತುಂಡನ್ನು ಇಟ್ಟು ಒತ್ತಲು ಹೇಳಿ, ತಾನು ಮಂಡಿಯೂರಿ ಅಡ್ಡತೊಲೆಯನ್ನು ನೋಡುತ್ತ ಕುಳಿತ. ಕೊನೆಗೆ, ಮೊದಲಿನದಕ್ಕಿಂತ ಕಡಿಮೆ ಬಲದ, ಆದರೆ ಒತ್ತಿದಾಗ ಮಿಸುಕದ ಒಂದನ್ನು ಆರಿಸಿಕೊಂಡ.

ಮನೆಗೆ ತಂದು ಆಕ್ಸಲ್ಲನ್ನು ನೆಟ್ಟಗೆ ನಿಲ್ಲಿಸಿ, ಅವಸರವಿಲ್ಲದೆ ಒತ್ತಿದ. ಚೌಕಟ್ಟು ಅಲುಗಲಿಲ್ಲ. ಸ್ವಲ್ಪ ಹೊತ್ತಿಗೆ ಟಕ್ಕೆಂದು ಸದ್ದಾಗಿ ಬೇರಿಂಗ್ ಹಿಡಿತ ಬಿಟ್ಟಿತು. ಆಮೇಲೆ ಬೆಣ್ಣೆಯಂತೆ ಜಾರಿ ಬಂತು. ಚೂರು ಸಿಡಿಯಲಿಲ್ಲ, ಯಾರಿಗೂ ಗಾಯವಾಗಲಿಲ್ಲ.

ಹೊಸ ಬೇರಿಂಗ್ ಕೂತಿತು, ಜೀಪು ಹೊರಟಿತು. ಹೆಂಡತಿ ಬುತ್ತಿ ಕಟ್ಟಿಕೊಂಡು ಮುಂದಿನ ಸೀಟಿನಲ್ಲಿ ಕುಳಿತಳು. ಘಟ್ಟದ ತಿರುವೊಂದರಲ್ಲಿ ಅವನು ಗಾಡಿ ನಿಲ್ಲಿಸಿ, "ಇಲ್ಲೇ ಚಹಾ ಕುಡೀತಿದ್ದೆ" ಎಂದು ತೋರಿಸಿದ. ಅವಳು ಇಳಿದು ಕಣ್ತುಂಬ ನೋಡಿದಳು. ಇಬ್ಬರೂ ಅಲ್ಲಿ ಕಲ್ಲಿನ ಮೇಲೆ ಕುಳಿತು ಚಹಾ ಕುಡಿದರು.

ಗುರುಗಳು ಕತೆ ಮುಗಿಸಿದರು. ಚನ್ನವೀರನ ಮುಖ ಅರಳಿತು.

"ತಿಳಿಯಿತು ಗುರುಗಳೇ. ಮಿಸುಕದೆ ನಿಂತು ಒತ್ತಬೇಕು. ನಾಳೆಯಿಂದಲೇ ಹುಡುಗರೆಲ್ಲ ನಸುಕಿನಲ್ಲೆದ್ದು ಪಾಠಕ್ಕೆ ಕೂರಬೇಕೆಂದು ನಿಯಮ ಮಾಡುತ್ತೇನೆ."

ಗುರುಗಳು ಅವನನ್ನೇ ನೋಡಿ ಕೇಳಿದರು: "ಒಳ್ಳೆಯದು, ನೀನು ಎಷ್ಟು ಹೊತ್ತಿಗೆ ಏಳುತ್ತೀಯ?"