ಕೈ ಕೊಡದ ಮೂಡ್ಲ

ಹೂಂಗುಟ್ಟೋರು ಮುಂದೆ ಬನ್ನಿ, ಆಕಳಿಸೋರು ಎದ್ದು ಮನೆಗೆ ಹೋಗಿ. ಪೆದ್ದರನ್ನ ನಾನು ಬೇಕಾದಷ್ಟು ನೋಡಿದೀನಿ. ಆದ್ರೆ ಈ ಮೂಡ್ಲನಂಥ ಕಲಬೆರಕೆ ಇಲ್ಲದ ಪೆದ್ದನ್ನ ಇನ್ನೊಬ್ಬನ್ನ ಕಾಣಲಿಲ್ಲ.

ಗೂಳಿಕಲ್ಲು ಬೆಟ್ಟದ ಬುಡದಲ್ಲಿ ಸಣ್ಣೀರಮ್ಮ ಅಂತ ಒಬ್ಳು. ಅವಳ ಒಬ್ಬನೇ ಮಗ ಈ ಮೂಡ್ಲ. ಬೆಟ್ಟ ಏನು ಭಾರಿ ದೊಡ್ಡದಲ್ಲ, ತಿಂಡಿ ತಿಂದು ಹತ್ತಿದ್ರೆ ಊಟದ ಹೊತ್ತಿಗೆ ಕೆಳಗೆ. ಆದ್ರೆ ಗೋಡೆ ಹತ್ತಿದ ಹಾಗೆ! ತುದೀಲಿ ನಿಂತ್ರೆ ಏಳು ಕೆರೆ ಒಟ್ಟಿಗೆ ಕಾಣ್ತವೆ. ಅದನ್ನ ನೋಡೋಕೆ ಭಾನುವಾರ ಭಾನುವಾರ ಪಟ್ಟಣದೋರು ಬೂಟು ಹಾಕ್ಕೊಂಡು ಬರೋರು. ಅವರನ್ನ ಹತ್ತಿಸಿ ಇಳಿಸೋದು ಸಣ್ಣೀರಮ್ಮನ ಕೆಲಸ. ಅದಕ್ಕೊಂದು ಹಿತ್ತಾಳೆ ಬಿಲ್ಲೆ. ಬಿಲ್ಲೆ ಇದ್ದೋರಿಗೇ ಕೆಲಸ.

ಈಗ ಅವಳ ಮಂಡಿ ಹೋಯ್ತು. ಬಿಲ್ಲೆ ಕೊಡೋ ಸಾಹೇಬ್ರು ಬಂದು ಅದನ್ನ ವಾಪಸ್ ಇಸ್ಕೊಂಡ್ರು. "ಇನ್ನು ಮೂರನೇ ಭಾನುವಾರ ಬರ್ತೀನಿ. ನಿನ್ನ ಮಗ ನನ್ನನ್ನ ಸರಿಯಾಗಿ ಹತ್ತಿಸಿದ್ರೆ ಬಿಲ್ಲೆ ಅವನಿಗೆ. ಇಲ್ದಿದ್ರೆ ಬೇರೆ ಮನೆಗೆ. ಅದಕ್ಕೆ ಮುಂಚಿನ ಎರಡು ಭಾನುವಾರ ಬಿಲ್ಲೆ ಇಲ್ದೇನೇ ಹತ್ತಿಸಿ ಕಲೀಲಿ" ಅಂದ್ರು.

"ಬಿಲ್ಲೆ ಹೋದ್ರೆ ನಮ್ಮ ಒಲೆ ಉರಿಯಲ್ಲ ಕಣೋ" ಅಂದ್ಳು ಸಣ್ಣೀರಮ್ಮ. "ಅಲ್ಲೀವರೆಗೆ ಬರೋ ಜನರನ್ನ ಕರ್ಕೊಂಡು ಹೋಗಿ ಕಲಿತ್ಕೋ. ನಂಬಿ ಬಂದೋರಿಗೆ ಅರ್ಧ ದಾರೀಲಿ ಕೈ ಕೊಡಬೇಡ. ತಿಳೀತಾ?"

"ತಿಳೀತವ್ವ!"

ತಿಳೀತಂತೆ! ಅರ್ಧ ದಾರೀಲಿ ಒಂದು ಜಾರುಬಂಡೆ. ಮೊದಲನೇ ಭಾನುವಾರ ಅಲ್ಲಿ ಒಬ್ರು ದಪ್ಪನೆ ಮೇಷ್ಟ್ರಮ್ಮ ಕಾಲು ಜಾರಿದ್ರು.

"ಅಯ್ಯಯ್ಯೋ, ಕೈ ಕೊಡಪ್ಪಾ!"

ಮೂಡ್ಲ ಎರಡೂ ಕೈಯನ್ನ ಕಂಕುಳಿಗೆ ಸಿಕ್ಕಿಸ್ಕೊಂಡ. "ಕೊಡಲ್ಲ!"

"ಕೈ ಕೊಡೋ!"

"ಅರ್ಧ ದಾರೀಲಂತೂ ಕೊಡೋದೇ ಇಲ್ಲ!"

ಮೇಷ್ಟ್ರಮ್ಮ ಕೂತ ಹಾಗೇ ಸರ್ರಂತ ಜಾರಿ ಮುಳ್ಳಿನ ಪೊದೇಲಿ ನಿಂತ್ರು. ಆಮೇಲೆ ಅವರು ಬೈದಿದ್ದನ್ನ ನಾನು ಹೇಳಬಾರದು, ನೀವು ಕೇಳಬಾರದು.

ಅವ್ವ ಹಣೆ ಹಣೆ ಚಚ್ಕೊಂಡ್ಳು. "ಅಯ್ಯೋ ನನ್ನ ಕರ್ಮವೇ! ಜಾರೋರ ಕೈ ಹಿಡ್ಕೋಬೇಕು ಕಣೋ! ಹಿಡಿದ ಕೈ ಬಿಡಬಾರದು!"

"ಹಂಗಂತ ಮೊದ್ಲೇ ಹೇಳಬಾರದೇನವ್ವಾ?"

ಎರಡನೇ ಭಾನುವಾರ ಹೊಸದಾಗಿ ಮದುವೆಯಾದ ಗಂಡ ಹೆಂಡ್ತಿ ಬಂದ್ರು. ಜಾರುಬಂಡೆ ಹತ್ರ ಹುಡುಗಿ ಒಂಚೂರು ತಡವರಿಸಿದ್ಳು. ಮೂಡ್ಲ ಗಬಕ್ಕಂತ ಕೈ ಹಿಡ್ಕೊಂಡ. ಬಂಡೆ ದಾಟಿದ್ದಾಯ್ತು, ಬಿಡಲಿಲ್ಲ. ತುದಿ ಬಂತು, ಬಿಡಲಿಲ್ಲ.

"ಬಿಡೋ ನನ್ನ ಹೆಂಡ್ತಿ ಕೈಯ!"

"ಹಿಡಿದ ಕೈ ಬಿಡಬಾರದು ಸ್ವಾಮಿ!"

"ಹಿಡಿದಿರೋನು ನಾನು ಕಣೋ! ಮೊನ್ನೆ ತಾನೇ ಹಿಡಿದಿದೀನಿ!"

"ಹಂಗಾದ್ರೆ ನೀವೂ ಬಿಡಬೇಡಿ!"

ಏಳು ಕೆರೆ ಹಿಂದಿಟ್ಕೊಂಡು ಫೋಟೋ ತೆಗೆದ್ರೆ ಅದರಲ್ಲೂ ನಡುವೆ ಮೂಡ್ಲ, ಹಲ್ಲು ಕಿರಿದು! ಗಂಡ ಕೋಲು ತಗೊಂಡು ಬೆನ್ನ ಮೇಲೆ ನಾಲ್ಕು ಬಿಟ್ಟ ಮೇಲೇ ಆ ಕೈ ಬಿಟ್ಟಿದ್ದು.

"ಥೂ ಮುಟ್ಠಾಳ!" ಅಂದ್ಳು ಅವ್ವ, ಬೆನ್ನಿಗೆ ಅರಿಶಿನ ಹಚ್ತಾ. "ಯಾರ ತಂಟೆಗೂ ಹೋಗ್ಬೇಡ. ಬಾಯಿ ಮುಚ್ಕೊಂಡು ಮುಂದೆ ನಡಿ. ಸಾಹೇಬ್ರನ್ನ ತುದಿ ಮುಟ್ಟಿಸಿ ಬಾ, ಅಷ್ಟು ಸಾಕು."

"ಹಂಗಂತ ಮೊದ್ಲೇ ಹೇಳಬಾರದೇನವ್ವಾ?"

ಮೂರನೇ ಭಾನುವಾರ ಬಂತು. ಸಾಹೇಬ್ರು ಬಿಲ್ಲೆ ಜೇಬಲ್ಲಿಟ್ಕೊಂಡು ಹತ್ತಿದ್ರು. ಸಣ್ಣೀರಮ್ಮ ಕೆಳಗೆ ಕೂತು ಕಂಡ ಕಂಡ ದೇವರಿಗೆಲ್ಲ ಹರಕೆ ಹೊತ್ಳು. ಒಂದು ಗಂಟೆ ಆಯ್ತು, ಎರಡು ಗಂಟೆ ಆಯ್ತು. ಮೂಡ್ಲ ಕೈ ಬೀಸ್ಕೊಂಡು ಬಂದ, ಒಬ್ಬನೇ!

"ಸಾಹೇಬ್ರೆಲ್ಲೋ?"

"ತುದೀಲಿ! ಮುಟ್ಟಿಸಿ ಬಂದೆ. ಮುದ್ದೆ ಇಕ್ಕವ್ವ."

ಮೇಲಿಂದ ಸಣ್ಣಗೆ ಕೂಗು ಕೇಳ್ತಿತ್ತು. "ಯಾರಾದ್ರೂ ಬನ್ರೋ! ಇಳಿಯೋ ದಾರಿ ಯಾವುದ್ರೋ!"

ಸಣ್ಣೀರಮ್ಮನಿಗೆ ಕಣ್ಣಲ್ಲಿ ನೀರು, ಬಾಯಲ್ಲಿ ಬೆಂಕಿ. "ಹಾಳಾಗಿ ಹೋಗು! ಇನ್ನು ನನ್ನ ಕಣ್ಣಿಗೆ ಬೀಳಬೇಡ!" ಅಂದವಳೇ ಕೋಲು ಊರ್ಕೊಂಡು, ಆ ಹಾಳು ಮಂಡಿ ಎಳ್ಕೊಂಡು ತಾನೇ ಹತ್ತಿದ್ಳು.

ಜಾರುಬಂಡೆ ಹತ್ರ ಮಂಡಿ ಮಡಚ್ಕೊಂಡೇ ಬಿಡ್ತು. ಕೋಲು ಉರುಳಿ ಹೋಯ್ತು. ಬಂಡೆ ತಬ್ಕೊಂಡು ಅರಚಿದ್ಳು. "ಯಾರಾದ್ರೂ ಇದೀರಾ? ಕೈ ಕೊಡ್ರಪ್ಪಾ!"

ಪೊದೆ ಮರೆಯಿಂದ ಒಂದು ದನಿ: "ನಾನಿದೀನವ್ವ!"

"ಮೂಡ್ಲಾ! ಬಾರೋ, ಬಿದ್ದು ಸಾಯ್ತೀನೋ!"

"ಕಣ್ಣಿಗೆ ಬೀಳಬೇಡ ಅಂದ್ಯಲ್ಲವ್ವ! ಕಣ್ಣು ಮುಚ್ಕೋ, ಬರ್ತೀನಿ!"

ಇನ್ನೇನು ಮಾಡ್ತಾಳೆ? ಮುಚ್ಕೊಂಡ್ಳು. ಮೂಡ್ಲ ಬಂದು ಕೈ ಹಿಡಿದ, ಎಳೆದ, ಬಂಡೆ ದಾಟಿಸಿದ. "ತೆಗೀಬೇಡವ್ವ, ತೆಗೀಬೇಡ!" ಅಂತ ತುದೀವರೆಗೂ ಹಾಗೇ ಹತ್ತಿಸಿದ.

ಸಾಹೇಬ್ರು ಅದನ್ನ ನೋಡಿದ್ರು. ಸಿಟ್ಟೆಲ್ಲ ಇಳಿದೇ ಹೋಯ್ತು. "ಎಲಾ ಇವನ! ಕುಂಟು ಮುದುಕೀನ, ಅದೂ ಕಣ್ಣು ಮುಚ್ಚಿದೋಳನ್ನ ಈ ಬೆಟ್ಟ ಹತ್ತಿಸಿದಾನಲ್ಲ! ತಗೋಳಪ್ಪ, ಬಿಲ್ಲೆ ನಿಂದೇ!" ಅಂತ ಕೈ ಚಾಚಿದ್ರು.

ಬಿಲ್ಲೆ ಅಂದ ಕೂಡ್ಲೇ ಸಣ್ಣೀರಮ್ಮನ ಜೀವ ಹಿಗ್ಗಿ ಹೋಯ್ತು. "ನನ್ನಪ್ಪನೇ! ನನ್ನ ಬಂಗಾರವೇ!" ಅಂತ ಮಗನ ಮುಖ ನೋಡೋಕೆ ಕಣ್ಣು ಬಿಟ್ಳು.

"ಅಯ್ಯೋ, ಕಣ್ಣಿಗೆ ಬಿದ್ಬಿಟ್ಟೆ!" ಅಂದವನೇ ಮೂಡ್ಲ ಅವಳ ಕೈ ಕೊಡವಿ ಹಾರಿದ ನೋಡಿ, ಒಂದೇ ಉಸಿರಿಗೆ ಬೆಟ್ಟ ಇಳಿದು ಓಡೇ ಹೋದ!

ಬಿಲ್ಲೆ ತಿರುಗಿ ಸಾಹೇಬ್ರ ಜೇಬು ಸೇರಿತು. ತುದೀಲಿ ಉಳಿದೋರು ಇಬ್ರು. ದಾರಿ ಗೊತ್ತಿದ್ದೋಳಿಗೆ ಮಂಡಿ ಇಲ್ಲ, ಮಂಡಿ ಇದ್ದೋರಿಗೆ ದಾರಿ ಗೊತ್ತಿಲ್ಲ. ಕೂತ್ಕೊಂಡು ಕೆರೆ ಎಣಿಸಿದ್ರಂತೆ. ಎಷ್ಟು ಸಲ ಎಣಿಸಿದ್ರೂ ಏಳೇ.